ಬಾಕಿ ಚಿಲ್ಲರೆ

ಹೆಸರಿಗೆ ಸಾಗರ.
ಮೇ ತಿಂಗಳ ಎರಡನೇ ಭಾನುವಾರ ಅದು
ದಡ ಬಿಟ್ಟು ಅರ್ಧ ಮೈಲಿ ಆಚೆ ಸರಿದು
ಮಗ್ಗುಲು ಬದಲಿಸಿ ಮಲಗಿತ್ತು.
ಮೀನು ಕರಿಯುವ ಅಂಗಡಿಗಳಿಗೆ ಗೋಣಿಪರದೆ.
ಜೋಳ ಸುಡುವವಳು ತವರಿಗೆ ಹೋಗಿದ್ದಳಂತೆ.
ಪಾರ್ಕಿಂಗ್ ಚೀಟಿ ಹರಿಯುವ ಹುಡುಗ
ಖಾಲಿ ಬಯಲಿನ ನಟ್ಟನಡುವೆ
ಕುರ್ಚಿಯಲ್ಲೇ ನಿದ್ದೆಹೋಗಿದ್ದ.

ನಾವು ಮೂವತ್ತೆಂಟು ಜನ.
ಎಣಿಸಿದ್ದು ನಾನೇ. ಹತ್ತಿದವರನ್ನು ಎಣಿಸದೆ
ರೈಟ್ ಅಂದವಳಲ್ಲ ನಾನು.
ಸಾತಗಳ್ಳಿ ಡಿಪೋ, ಸಿಟಿ ಬಸ್ಸು,
ಇಪ್ಪತ್ತೊಂದು ವರ್ಷ ನಿಂತೇ ಸುತ್ತಿದ್ದೇನೆ,
ಲೆಕ್ಕ ಹಾಕಿದರೆ ಭೂಮಿಗೆ ಇಪ್ಪತ್ತು ಸುತ್ತು.
ಸ್ವಂತ ಕಾಲಿನದು ಅದರಲ್ಲಿ ಒಂದು ಸ್ಟೇಜೂ ಇಲ್ಲ.

ರಿಟೈರಾದ ಡ್ರಿಲ್ ಮೇಷ್ಟ್ರು ಚಿಕ್ಕಹೈದಯ್ಯ
ಸೈಕಲ್ ಬೆಲ್ಲು ಹೊಡೆದರು. ಅದೇ ನಮ್ಮ ಗುಂಡು.
ನಸುಕು. ರಾತ್ರಿಯೆಲ್ಲ ಅವರು ಬಗ್ಗಿ ಎಳೆದ
ಸುಣ್ಣದ ಗೆರೆಯ ಹಿಂದೆ ನಾವು.
ನಾಲ್ಕು ಸುತ್ತು. ಒಟ್ಟು ನಲವತ್ತೆರಡು, ಮೇಲೊಂದಿಷ್ಟು.

ಮಂಡಿ ಮೊಹಲ್ಲಾದ ಟೈಲರ್ ನಜೀಬುಲ್ಲಾ
ಹೊಲಿಗೆ ಮೆಷಿನ್ ತುಳಿದಂತೆ ಓಡುತ್ತಿದ್ದರು,
ಮೇಲೆ ಅಲುಗಾಟವಿಲ್ಲ, ಕೆಳಗಷ್ಟೇ ಟಕಟಕ.
ಒಬ್ಬರು ಡಾಕ್ಟರು ಕೈಗಡಿಯಾರವನ್ನೇ ನೋಡುತ್ತ ಹೋದರು,
ನೀರಿನ ಕಡೆ ಒಮ್ಮೆಯೂ ತಿರುಗಲಿಲ್ಲ.
ಕಾಲಡಿಗೆ ಒಣಗೋಡು, ಬಿರುಕು,
ಅದರೊಳಗೆ ಕಪ್ಪೆಚಿಪ್ಪು
ಹಪ್ಪಳದ ಹಾಗೆ ಮುರಿಯುವ ಸದ್ದು.

ಆಷಾಢ ಕಳೆದರೆ ಇಲ್ಲಿ
ನಮ್ಮ ತಲೆಯ ಮೇಲೆ ಎರಡಾಳು ನೀರು.
ನನ್ನ ಹೆಜ್ಜೆಯ ಗುಂಡಿಯಲ್ಲಿ
ಯಾವುದೋ ಕಾಟ್ಲ ಮೀನು ಮೂತಿ ಇಟ್ಟು
ಮೇಯುತ್ತದೆ. ಮೇಯಲಿ.

ಬೆಲ್ಲದ ಪಾನಕದ ಬಿಂದಿಗೆ ಹಿಡಿದ ಪುಟ್ಟಮಾದಮ್ಮ
ನನ್ನ ಹಿಂದೆ ಇಣುಕಿ ನೋಡಿ ಕೇಳಿದಳು:
'ಯಾರವ್ವಾ ಅಟ್ಟುಸ್ಕಂಡ್ ಬತ್ತಾ ಇರೋರು?'
ಯಾರೂ ಇರಲಿಲ್ಲ. ನಾನೇ ಕೊನೆಯವಳು.

ಅಲ್ಲೊಂದು ಮೈಲಿಗಲ್ಲು.
ಮೊದಲ ಸುತ್ತಿನ ಕತ್ತಲಲ್ಲಿ ಯಾರೋ ಕುಕ್ಕರುಗಾಲಲ್ಲಿ
ಕೂತಿದ್ದಾರೆಂದು ನಾಚಿ ಮುಖ ತಿರುಗಿಸಿದ್ದೆ.
ಎರಡನೆಯದರಲ್ಲಿ ಓದಿದೆ: ಮೈಸೂರು ೧೧.
ರಸ್ತೆ ಯಾವ ಕಾಲದಲ್ಲೋ ಮುಳುಗಿದೆ,
ಕಲ್ಲು ಮಾತ್ರ ಡ್ಯೂಟಿ ಮೇಲಿದೆ,
ವರ್ಷಕ್ಕೆ ಹತ್ತು ತಿಂಗಳು ಮೀನುಗಳಿಗೆ
ಮೈಸೂರಿನ ದೂರ ಹೇಳಿಕೊಂಡು.
ಮೂರನೇ ಸುತ್ತಿಗೆ ಅದರ ಪಕ್ಕ ನಾನೂ ಕುಸಿದೆ.
ಮೀನಖಂಡದಲ್ಲಿ ನಿಜವಾಗಿಯೂ ಒಂದು ಮೀನು
ಗಾಳ ಕಚ್ಚಿ ಹೊರಳುತ್ತಿತ್ತು.

ಎದ್ದಾಗ ಬಿಸಿಲು. ಎಮ್ಮೆಗಳು ನೀರಿಗಿಳಿದಿದ್ದವು,
ಮೇಷ್ಟ್ರ ಗೆರೆಯನ್ನು ಗೊರಸಿಗೆ ಹಚ್ಚಿಕೊಂಡು.
ಅವುಗಳ ಹಿಂದೆಯೇ ನಡೆದೆ, ಅದೇ ದಾರಿಯೆಂದು.
ಹರಿಗೋಲು ಮಗುಚಿ ಡಾಂಬರು ಬಳಿಯುತ್ತಿದ್ದವನು
ತಲೆ ಎತ್ತದೆ ಕೇಳಿದ: 'ಎಲ್ಲಿಗೆ?'

ದಿನಕ್ಕೆ ಆರುನೂರು ಸಲ ನಾನು ಕೇಳುವ ಮಾತು.
ಉತ್ತರ ಕೊಟ್ಟು ಅಭ್ಯಾಸವಿಲ್ಲ.
ನೀರು ಕಣ್ಣಿಗೆ ಕುಕ್ಕುತ್ತಿತ್ತು. ಆಚೆ ದಡ ಕಾಣುತ್ತಿರಲಿಲ್ಲ.
ನಿಂತೆ. ಎಷ್ಟು ಹೊತ್ತೋ, ಗಡಿಯಾರ ಕಟ್ಟಿರಲಿಲ್ಲ.
ಅವನೇ ಗದ್ದ ಎತ್ತಿ ತೋರಿಸಿದ,
ಬಂದ ಕಡೆಗೇ.

ಮುಗಿಸಿದಾಗ ಹನ್ನೊಂದೂವರೆ.
ಶಾಮಿಯಾನ ಬಿಚ್ಚಿದ್ದರು. ನಜೀಬುಲ್ಲಾ ಇರಲಿಲ್ಲ,
ಮದುವೆಯ ರವಿಕೆಗಳು ಬಾಕಿ ಇದ್ದವಂತೆ.
ಕೆಂಪು ಟೇಪಿನ ಒಂದು ತುದಿ ಮೇಷ್ಟ್ರ ಕೈಲಿ,
ಇನ್ನೊಂದು ಆ ಪಾರ್ಕಿಂಗ್ ಹುಡುಗನ ಕೈಲಿ;
ಕೈ ಸೋತು ಟೇಪು ನನ್ನ ಮೊಣಕಾಲಿಗಿಳಿದಿತ್ತು.
ದಾಟಿಯೇ ಬಿಟ್ಟೆ.

'ತಪ್ಪಾಯ್ತು ಕಣಮ್ಮ' ಎಂದರು ಮೇಷ್ಟ್ರು,
'ಎಮ್ಮೆ ದೆಸೆಯಿಂದ ನೀವು ಒಂದೂವರೆ ಕಿಲೋಮೀಟರ್
ಜಾಸ್ತಿ ಓಡಿದ್ರಿ.'
ಎದೆಯ ನಂಬರ್ ಚೀಟಿ ಕಿತ್ತು ಅವರಿಗೆ ಕೊಟ್ಟೆ:
'ಹಿಂದೆ ಬರೆದುಕೊಡಿ ಸಾರ್,
ಇಳಿಯುವಾಗ ಇಸ್ಕೋತೀನಿ.'