ಚಾಯ್ ಅಂದ್ರ ಚಹಾ ಅಲ್ಲ

ಮಷಿನ್ ಹೆಂಗಿತ್ತು ಅಂತ ಎಲ್ಲಾರೂ ಕೇಳತಾರ.
ಜಮಖಂಡಿಯ ನಮ್ಮ ರೊಟ್ಟಿ ಕೇಂದ್ರದಾಗ
ಹನ್ನೊಂದು ಹಂಚು, ಹನ್ನೊಂದು ಬಾಯಿ.
ಬ್ಯಾಂಕಿನವರು ರೊಕ್ಕ ಕೊಟ್ಟು
ವಿಯೆಟ್ನಾಮಿಗೆ ಕಳಿಸಿದ್ದು ಮಷಿನ್ ನೋಡಾಕ, ಖರೆ.
ನೋಡಿದೆ. ದೊಡ್ಡದಿತ್ತು. ಬಾಳ ಸಪ್ಪಳ ಮಾಡತಿತ್ತು.
ಉಳಿದದ್ದು ಹೇಳತೀನಿ, ಹಂಚು ಆರಲಿ, ಕೂಡ್ರಿ.

ಮೊದಲ್ನೇ ದಿನ ಸೈಗಾನಿನ ಒಂದು ಓಣ್ಯಾಗ
ತಲಿ ಸಿಡೀತಿತ್ತು, ಚಹಾ ಬೇಕಿತ್ತು.
"ಚಾಯ್" ಅಂದೆ, ಎರಡು ಬೆರಳು ತೋರಿಸಿ,
ನನಗೊಂದು, ಜೋಡಿ ಬಂದ ಸುಗಂಧಾಗೊಂದು.
ಅಂಗಡಿಯಾಕಿ ನಕ್ಕೋತ ಒಳಗ ಹೋದ್ಳು.
ಬಂದದ್ದು ಎರಡು ತಾಟು ಅನ್ನ,
ಹುರಿದ ಸೋಯಾ ತುಂಡು, ಅಣಬಿ, ಎಳೀ ಬಿದಿರಿನ ಪಲ್ಯ.
ಅವರ ಮಾತಿನ್ಯಾಗ ಚಾಯ್ ಅಂದ್ರ
ಮೀನಿಲ್ಲದ್ದು, ಮಾಂಸ ಇಲ್ಲದ್ದು.
ಕೇಳಲಾರದನ ಸಿಕ್ಕಿತ್ತು ನೋಡ್ರಿ!
ಎಂಟು ದಿನ ಆ ಒಂದ ಶಬ್ದದ ಮ್ಯಾಲ ಬದುಕಿದೆ.
ಚಹಾನೂ ಕೊಡತಿದ್ರು ಬಿಡ್ರಿ, ಬರ್ಫ ಹಾಕಿ,
ಹಾಲಿಲ್ಲ, ಸಕ್ಕರಿ ಇಲ್ಲ.
ಅದಕ್ಕ ಚಹಾ ಅನ್ನಾಕ ನನ್ನ ನಾಲಿಗಿ ಒಪ್ಪಲಿಲ್ಲ.

ಕಾಫಿ ಅಂತೂ ಗ್ಲಾಸಿನ ಮ್ಯಾಲ ತಗಡಿನ ಟೊಪಗಿ ಇಟ್ಟು ಕೊಟ್ರು.
ಒಂದು ಹನಿ. ಆಮ್ಯಾಲ ಒಂದು ಹನಿ.
ನಳಾ ಬರೋ ದಿನ ಕೊಡಾ ಇಟಗೊಂಡು
ಪಾಳಿ ಹಚ್ಚಿ ನಿಂತಂಗ ಕುಂತೆವು.
ಲಗೂ ಬರಲಿ ಅಂತ ಸುಗಂಧಾ ಟೊಪಗಿ ಬಡಿದ್ಳು.
ಬರಲಿಲ್ಲ.
ಕೆಳಗ ಗಟ್ಟಿ ಸಿಹಿ ಹಾಲು ಕಾಯತಿತ್ತು,
ಅದಕ್ಕೇನೂ ಅವಸರ ಇದ್ದಿಲ್ಲ.

ಒಂದು ಮಾತೈತಿ, ನಮ್ಮ ಅತ್ತಿಗೆ ಹೇಳಬ್ಯಾಡ್ರಿ.
ನಾಲ್ಕನೇ ದಿನ ಸಣ್ಣ ಬಟ್ಟಲದಾಗ ಕೆಂಪು ನೀರು,
ಬೆಳ್ಳೊಳ್ಳಿ, ಲಿಂಬಿ, ಹಸಿ ಮೆಣಸಿನಕಾಯಿ,
ಅದ್ದಿ ಅದ್ದಿ ತಿಂದೆ, ಬಟ್ಟಲಾ ಒರಸಿದೆ.
ಆಮ್ಯಾಲ ಬಾಟ್ಲಿ ನೋಡಿದೆ.
ಅದರ ಮ್ಯಾಲಿನ ಮೀನು ನನ್ನನ್ನ ನೋಡತಿತ್ತು.
ಹೇಸಿಕಿ ಬಂತೇನ ಅಂದ್ರ,
ಬರಲಿಲ್ಲ. ಅದಕ್ಕ ಹೆದರಿದೆ.

ಮಷಿನ್ ಇದ್ದ ಕಾರ್ಖಾನಿಯ ಹಿಂದ
ಒಬ್ಬ ಮುದುಕಿ, ಹ್ವಾ ಅಂತ ಹೆಸರು,
ಕೈಲೇ ಮಾಡತಿದ್ಳು.
ಗಡಗಿ ಬಾಯಿಗೆ ಬಿಗಿದ ಬಟ್ಟಿ, ಒಂದು ಸೌಟು ಅಕ್ಕಿಹಿಟ್ಟು,
ಮುಚ್ಚಿ ತಗದ್ರ ಹಾಳಿ.
ಬಿದಿರಿನ ತಟ್ಟಿ ಮ್ಯಾಲ ಓಣಿಗುಂಟ ಒಣಗಿಸಿದ್ಳು,
ಎತ್ತಿ ಹಿಡದ್ರ ಅದರೊಳಗಿಂದ ಸೂರ್ಯಾ ಕಾಣತಿದ್ದ.
ನಮ್ಮ ಮಾಳಿಗಿ ಮ್ಯಾಲಿನ ಸಂಡಿಗಿ ನೆನಪಾಗಿ
ಕಾಗಿ ಓಡಸಾಕ ಕೈ ಎತ್ತಿದೆ. ಕಾಗಿ ಇದ್ದಿಲ್ಲ.

ನನ್ನ ಚೀಲದಾಗ ಖಡಕ್ ರೊಟ್ಟಿ ಇದ್ದವು.
ಒಂದು ಕೊಟ್ಟೆ.
ತಿರುವಿ ಮುರುವಿ ನೋಡಿದ್ಳು, ಎಳ್ಳಿನ ಮ್ಯಾಲ ಬೆರಳಾಡಿಸಿದ್ಳು,
ಕಿವಿ ಹಂತೇಕ ಹಿಡಿದು ಉಗುರಿಲೆ ಬಡಿದು ಕೇಳಿದ್ಳು.
ನಾ ಬಾಯಿ ತಗಿಯೂದ್ರಾಗ
ಬೋಗುಣಿಯೊಳಗ ಬೆರಳು ಅದ್ದಿ
ರೊಟ್ಟಿ ಮ್ಯಾಲ ನೀರು ಚಿಮುಕಿಸಿ
ಅರಿವಿ ಮುಚ್ಚಿ ಕುಂತ್ಳು.

ಯಾರೂ ಹೇಳಿದ್ದಿಲ್ಲ ಆಕಿಗೆ.
ಜ್ವಾಳ ಅಂದ್ರೇನಂತ ಗೊತ್ತಿದ್ದಿಲ್ಲ.

ಮೆತ್ತಗಾದ ಮ್ಯಾಲ ಹಸಿ ತಪ್ಪಲ ಇಟ್ಟು ಸುತ್ತಿದ್ಳು.
ರೊಟ್ಟಿ ನಡಕ್ಕ ಹರೀತು, ಜ್ವಾಳ ನೋಡ್ರಿ, ಯಾರ ಮಾತೂ ಕೇಳೂದಿಲ್ಲ.
ಹರಿದದ್ದರಾಗ ದೊಡ್ಡ ತುಂಡು ನನಗ ಕೊಟ್ಳು.

ಇಪ್ಪತ್ತು ಹಾಳಿ ತಂದೀನಿ.
ತಗೋರಿ, ನೀರಾಗ ಅದ್ದಿ ತಗೀರಿ, ಬಾಳ ಹೊತ್ತು ಬ್ಯಾಡ.
ಒಳಗ ಹಕ್ಕರಕಿ, ಹಸಿ ಮೆಂತೆ, ಉಳ್ಳಾಗಡ್ಡಿ ತಪ್ಪಲ,
ಶೇಂಗಾ ಹಿಂಡಿ ಉದುರಿಸಿ ಸುತ್ತರಿ.
ಮಾಬುಬೀಯ ಬೆರಳಿಗೆ ಅಂಟಿ ಕುಂತದ.
"ಉಪ್ಪು ಕಮ್ಮಿ" ಅಂತಾಳ, ಮೂರನೇದು ತಿನ್ನಕೋತ.

ಗೌರಕ್ಕ ಮತ್ತ ಕೇಳಿದ್ಳು, ಮಷಿನ್ ರೇಟ್ ಎಷ್ಟವಾ?
ಬರಕೊಂಡಿದ್ದೆನವ್ವ, ಸಬ್ಸಿಡಿ ಸೈತ ಬರಕೊಂಡಿದ್ದೆ.
ಆ ಚೀಟಿಯೊಳಗ
ಮುದುಕಿಗೆ ಹಿಂಡಿ ಕಟ್ಟಿ ಕೊಟ್ಟು ಬಂದೀನಿ.