ತಲೆಕೆಳಗಾದ ಒಂಬತ್ತು

ಪ್ಲೊವ್‌ದಿವ್ ಊರಿನ ಹಳೇ ಬ್ಲಾಕು, ನಾಲ್ಕನೇ ಮಹಡಿ.
ಲಿಫ್ಟು ಕೆಟ್ಟು ಎರಡು ತಿಂಗಳು.
ಏದುಸಿರು ಬಿಡುತ್ತ ಬೆಲ್ ಒತ್ತಿದೆ.
ಬಾಗಿಲಿಗಿಂತ ಮೊದಲು
ವೆಲಿಚ್ಕಾಳ ಪ್ರಶ್ನೆ ಹೊರಗೆ ಬಂತು:
"ಬೇಕೋ ಬೇಡವೋ, ಅದೊಂದು ಹೇಳಿಬಿಡು ಪ್ಲಾಮೆನ್,
ಆಮೇಲೆ ಶೂ ಬಿಚ್ಚು."

ಬೇಕೋ ಬೇಡವೋ ಎಂದರೆ ಆಂಟಿವೈರಸ್.
ದಿನಕ್ಕೆ ಏಳು ಸಲ ಪರದೆಯ ಮೂಲೆಯಿಂದ
ಕೆಂಪು ಚೌಕವೊಂದು ಮೇಲೆದ್ದು
ನೀವು ಅಪಾಯದಲ್ಲಿದ್ದೀರಿ ಅನ್ನುತ್ತದಂತೆ.
"ಎಪ್ಪತ್ತೆಂಟು ನನಗೆ. ಹೌದಪ್ಪ, ಅಪಾಯದಲ್ಲೇ ಇದ್ದೇನೆ.
ಅಷ್ಟು ಹೇಳುವುದಕ್ಕೂ ದುಡ್ಡು ಕೇಳಬೇಕೆ?"

ಕೂತೆ. ಮಾನಿಟರಿನ ಕತ್ತಿಗೆ
ಕೆಂಪು ಬಿಳಿ ನೂಲು ಕಟ್ಟಿದ್ದಾಳೆ.
ಮಾರ್ಚ್ ಒಂದಕ್ಕೆ ನಮ್ಮಲ್ಲಿ ಎಲ್ಲರ ಮಣಿಕಟ್ಟಿಗೂ ಬೀಳುವ ನೂಲು;
ಕೊಕ್ಕರೆ ಕಂಡ ದಿನ ಬಿಚ್ಚಿ, ಹೂಬಿಟ್ಟ ಮರಕ್ಕೆ ಕಟ್ಟುವುದು.
ಈಗ ಜೂನ್.
ಈ ಯಂತ್ರಕ್ಕೆ ಕೊಕ್ಕರೆ ಇನ್ನೂ ಕಂಡಿಲ್ಲ.

ಆನ್ ಮಾಡಿದರೆ ಆರು ನಿಮಿಷ ಗುರುಗುರು.
ನೋಡಿದೆ: ಒಂದಲ್ಲ, ಮೂರು.
ಒಂದು ಮೊಮ್ಮಗಳು ಹಾಕಿದ್ದು,
ಒಂದು ಯಾವುದೋ ಉಪ್ಪಿನಕಾಯಿ ವಿಧಾನದ ಬಾಲ ಹಿಡಿದು ಬಂದದ್ದು,
ಇನ್ನೊಂದು, ಫೋನಿನಲ್ಲಿ ಜೇನು ಸುರಿದಂತೆ ಮಾತಾಡಿದ ಗಂಡಸು
ಪಿಂಚಣಿಯಲ್ಲಿ ಅರ್ಧ ಎಣಿಸಿಕೊಂಡು ಮಾರಿದ್ದು.
ಒಂದೇ ಅಂಗಳಕ್ಕೆ ಮೂರು ಕಾವಲುನಾಯಿ.
ಕಳ್ಳನಿಗೆ ಬೊಗಳಲು ಪುರುಸೊತ್ತೆಲ್ಲಿ,
ಒಂದರ ಬಾಲ ಇನ್ನೊಂದರ ಬಾಯಲ್ಲಿ.

"ಹಾಗಾದರೆ ಬೇಡ?"
"ಮೂರೂ ಬೇಡ. ಯಂತ್ರದ ಜೊತೆಗೇ ಹುಟ್ಟಿದ್ದೊಂದು ಒಳಗಿದೆ,
ಇವುಗಳ ಗದ್ದಲಕ್ಕೆ ಮುದುಡಿ ಮಲಗಿದೆ. ಎಬ್ಬಿಸುತ್ತೇನೆ."
"ಅದಕ್ಕೆಷ್ಟು?"
"ಪುಕ್ಕಟೆ."
"ದುಡ್ಡು ಕೇಳದ್ದನ್ನು ನಂಬುವುದು ಹೇಗೆ?"
ಉತ್ತರ ಹೊಳೆಯಲಿಲ್ಲ.
ಫೋನಿನ ಗಂಡಸಿಗೆ ಮಾತ್ರ ಯಾವ ಮದ್ದೂ ಇಲ್ಲ,
ಮಾತಿನ ನಡುವೆಯೇ ಫೋನು ಕೆಳಗಿಡಬೇಕು, ಎಂದೆ.
"ಪಾಪ, ದನಿ ಚೆನ್ನಾಗಿತ್ತು" ಎಂದಳು.

ಪರದೆಯ ಹಸಿರು ಪಟ್ಟಿ
ಶೇಕಡ ಹನ್ನೆರಡಕ್ಕೆ ಬಂದು ಕೂತಿತು.
ಕಾಫಿ ಬಂತು, ಎಳೆ ಅಂಜೂರದ ಜಾಮು ಬಂತು,
ಹಿಂದೆಯೇ ಕ್ಯಾನಿಂಗ್ ಫ್ಯಾಕ್ಟರಿ ಬಂತು:
ತೊಂಬತ್ತನೇ ಇಸವಿ, ಸೆಪ್ಟೆಂಬರು, ಅವಳು ಸಂಬಳದ ಗುಮಾಸ್ತೆ,
ಮೇಜಿನ ಮೇಲೆ ಹೊಸ ಪ್ರಾವೆತ್ಸ್ ಕಂಪ್ಯೂಟರು.
"ಒಂದು ಶುಕ್ರವಾರ ಒಂಬತ್ತುಗಳೆಲ್ಲ ತಲೆಕೆಳಗಾದವು.
ಒಂಬತ್ತಿದ್ದಲ್ಲೆಲ್ಲ ಆರು.
ಕೆಟ್ಟದ್ದೇನು ಗೊತ್ತೆ? ಅಸಲಿ ಆರುಗಳೂ ಇದ್ದವಲ್ಲ ನಡುವೆ.
ಯಾವ ಆರು ಆರು, ಯಾವ ಆರು ಒಂಬತ್ತು?
ಟೊಮೆಟೊ ತೊಳೆಯುವ ಹೆಂಗಸರು
ಕೈ ಒರೆಸಿಕೊಳ್ಳುತ್ತ ಕಿಟಕಿಯಾಚೆ ಸಾಲು ನಿಂತಿದ್ದರು.
ಮೂರು ರಾತ್ರಿ ಹಳೇ ಚೀಟಿಗಳನ್ನು ಹರಡಿಕೊಂಡು
ಒಂದೊಂದೇ ಆರನ್ನು ಎತ್ತಿ ಕೇಳಿದೆ:
ನೀನು ಯಾರಮ್ಮ?"

ನಾನು ಪರದೆಯಿಂದ ಕಣ್ಣು ಕೀಳಲಿಲ್ಲ.
ಹದಿನೇಳು ವರ್ಷ ಆಗ. ಶಾಲೆಯ ಲ್ಯಾಬು, ಕದ್ದ ಬೀಗದ ಕೈ,
ಇನ್ನೂರೆಂಟು ಬೈಟಿನ ಪುಟ್ಟ ತುಂಟತನ.
ಗೆಳೆಯನ ಅಪ್ಪನ ಫ್ಲಾಪಿಗೆ ಹತ್ತಿಸಿ ಕಳಿಸಿದೆವು.
ಒಂಬತ್ತು ಲಾಗ ಹಾಕುವುದನ್ನು ನೋಡಿ
ಬಿದ್ದೂ ಬಿದ್ದೂ ನಕ್ಕೆವು.
ಎಲ್ಲಿಗೆ ಹೋಯಿತೆಂದು ಕೇಳಲಿಲ್ಲ.
ಕಲ್ಲು ಬೀರಿದ ಹುಡುಗ
ಗಾಜಿನ ಸದ್ದಿಗೆ ಕಾಯುತ್ತಾನೆಯೆ?

ಶೇಕಡ ಅರವತ್ತಾರು.
ಶೇಕಡ ತೊಂಬತ್ತೊಂಬತ್ತು.
ಅಲ್ಲೇ ಬಹಳ ಹೊತ್ತು.

"ಯಾರೋ ಹುಡುಗನೇ ಇರಬೇಕು" ಎಂದಳು.
"ದೊಡ್ಡವರು ದುಡ್ಡು ಕದಿಯುತ್ತಿದ್ದರು, ಒಂಬತ್ತನ್ನಲ್ಲ.
ನಿನ್ನಷ್ಟೇ ವಯಸ್ಸಾಗಿರುತ್ತದೆ ಈಗ ಅವನಿಗೆ.
ಮದುವೆಯಾಯಿತೋ ಏನೋ."

"ಆಯಿತು" ಎಂದೆ. "ಮುರಿಯಿತು ಕೂಡ."

ಚಮಚ ನೆಕ್ಕಿ ಬಸಿಯಲ್ಲಿಟ್ಟಳು.
ಬೀದಿಯಲ್ಲಿ ಕಲ್ಲಂಗಡಿ ಗಾಡಿಯವನ ಕೂಗು
ನಾಲ್ಕು ಮಹಡಿ ಹತ್ತಿ ಬಂದು ಇಳಿದುಹೋಯಿತು.
"ಎಷ್ಟಾಯಿತು ನಿನ್ನದು?"
"ಏನಿಲ್ಲ."
"ನೋಡು ಮತ್ತೆ, ದುಡ್ಡು ಕೇಳದವನು"
ಎನ್ನುತ್ತ ಎದ್ದು, ಮಾನಿಟರಿನ ಕತ್ತಿನಿಂದ
ಆ ಮಾಸಿದ ನೂಲು ಬಿಚ್ಚಿ
ನನ್ನ ಮಣಿಕಟ್ಟಿಗೆ ಗಂಟು ಹಾಕಿದಳು,
ಜೂನ್ ತಿಂಗಳಲ್ಲಿ,
ತುಸು ಬಿಗಿಯಾಗಿಯೇ.