ಹಳದಿ ಕೈ

ಡಬ್ಬೋ ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ ಮುಗಿಸಿ
ಐವತ್ತೊಂದರಲ್ಲಿ ನಾನು ಮತ್ತೆ ಮಗ್ಗಿಯ ಹುಡುಗಿ.
ಮೊದಲ ದಿನ ನಿಜವಾದ ಕೈಯನ್ನೇ ಎತ್ತಿ ಕೂತಿದ್ದೆ,
ಕ್ಯಾಮೆರಾ ಮುಚ್ಚಿತ್ತು.
ಭುಜ ಸೋತಿತು, ಯಾರೂ ಕರೆಯಲಿಲ್ಲ.
ದೂರಶಿಕ್ಷಣವಂತೆ, ದೂರ!
ಲಾಂಡ್ರಿಯ ಬೆಡ್‌ಶೀಟುಗಳಿಗೆಲ್ಲ ದೂರು ಹೇಳಿದೆ.

ಆಮೇಲೆ ಸಿಕ್ಕಿತು, ತೆರೆಯ ಮೂಲೆಯಲ್ಲಿ,
ಕಡಲೆಬೇಳೆಯಷ್ಟು ಹಳದಿ ಕೈ.

ನಿನ್ನೆ ಹೋಬಾರ್ಟಿನ ಮೇಷ್ಟ್ರು
ಚಕ್ರಬಡ್ಡಿಯ ನಡುವೆ, ತೆರೆದ ಬಾಯಿ ತೆರೆದಂತೆಯೇ,
ಗರ ಬಡಿದು ನಿಂತರು. ನೆಟ್‌ವರ್ಕು.
ಹನ್ನೊಂದು ಮಂದಿ. ಒಬ್ಬರೂ ಎದ್ದುಹೋಗಲಿಲ್ಲ.
ಯಾರೋ ಚಹಾ ಹೀರಿದ ಸದ್ದು,
ಎಲ್ಲೋ ನಾಯಿ ಮೈ ಕೊಡವಿದ್ದು.

ಮ್ಯೂಟ್ ಮರೆತಿದ್ದೆ, ನನ್ನ ಕುಕ್ಕರು ಕೂಗಿತು.
‘ಮೂರಾಯ್ತು, ಆರಿಸು’ ಎಂದ
ಬ್ರೂಮಿನಿಂದ, ಮೀನು ಹಿಡಿಯುವ ಡಾರಿಲ್.